ಹೊಸ ಹೈಬ್ರಿಡ್ ಕಾರಿಗೆ ಚೌಕಾಸಿ: ಶೋರೂಮ್ ಮೆಟ್ಟಿಲು ಹತ್ತುವ ಮುಂಚಿನಿಂದ ಕೀ ಕೈಗೆ ಬರುವವರೆಗೆ

ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ನಡೆಯುವ ಮೋಟರ್ ಕೂಡ ಇರುವ ಕಾರು) ನೋಡಲು ಹೋದವರಿಗೆ ಸಾಮಾನ್ಯವಾಗಿ ಮೊದಲು ಸಿಗುವ ಉತ್ತರ ಇದು: "ಈ ಗಾಡಿಗೆ ಡಿಸ್ಕೌಂಟ್ ಇಲ್ಲ ಸರ್, ಡಿಮ್ಯಾಂಡ್ ಜಾಸ್ತಿ ಇದೆ." ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಆ ಮಾತು ಕೆಲವು ಸಲ ನಿಜವೇ ಇರುತ್ತದೆ. ಆದರೆ ಅದು ಕಾರಿನ ಬೆಲೆ ಎಂಬ ಒಂದೇ ಒಂದು ಸಾಲಿಗೆ ಸಂಬಂಧಿಸಿದ್ದು. ಬಿಲ್ಲಿನಲ್ಲಿ ಇನ್ನೂ ಎಂಟು ಹತ್ತು ಸಾಲು ಇರುತ್ತವೆ. ಬಡ್ಡಿ, ವಿಮೆ, ಹಳೆ ಕಾರಿನ ಬೆಲೆ, ಆಕ್ಸೆಸರೀಸ್, ಹೆಚ್ಚುವರಿ ವಾರಂಟಿ, ಇವೆಲ್ಲ ಅಲ್ಲಿವೆ. ನಿಮ್ಮ ಜೇಬಿನಿಂದ ಕೊನೆಗೆ ಒಟ್ಟು ಎಷ್ಟು ಹೋಯಿತು ಅನ್ನೋದೇ ಬೆಲೆ. ಚೌಕಾಸಿ ಮಾಡಬೇಕಾದ್ದು ಆ ಒಟ್ಟು ಮೊತ್ತದ ಮೇಲೆ.

ಮೊದಲು: ನಿಮಗೆ ಬೇಕಿರುವುದು ಯಾವ ಹೈಬ್ರಿಡ್?

"ಹೈಬ್ರಿಡ್" ಅಂತ ಬ್ಯಾಡ್ಜ್ ಅಂಟಿಸಿಕೊಂಡ ಕಾರುಗಳೆಲ್ಲ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಬೆಲೆ ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಮೈಲ್ಡ್ ಹೈಬ್ರಿಡ್‌ನಲ್ಲಿ ಇರುವುದು ಚಿಕ್ಕ ಮೋಟರ್, ಚಿಕ್ಕ ಬ್ಯಾಟರಿ. ಅದು ಎಂಜಿನ್‌ಗೆ ಕೈಜೋಡಿಸುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗಿ ಮತ್ತೆ ಸರಾಗವಾಗಿ ಶುರುವಾಗಲು ನೆರವಾಗುತ್ತದೆ. ಸಾಮಾನ್ಯವಾಗಿ ಬರೀ ಮೋಟರ್ ಮೇಲೆ ಕಾರು ಓಡುವುದಿಲ್ಲ. ಉಳಿತಾಯ ಇದ್ದರೂ ಸ್ವಲ್ಪವೇ.

ಸ್ಟ್ರಾಂಗ್ ಹೈಬ್ರಿಡ್ ಅಥವಾ ಫುಲ್ ಹೈಬ್ರಿಡ್‌ನಲ್ಲಿ ಕಡಿಮೆ ವೇಗದಲ್ಲಿ ಮೋಟರ್ ಒಂದೇ ಕಾರನ್ನು ಎಳೆಯಬಲ್ಲದು. ಬ್ರೇಕ್ ಹಾಕಿದಾಗ ಪೋಲಾಗುತ್ತಿದ್ದ ಶಕ್ತಿಯಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್ ಈ ಬಗೆಯದು. ಚಾರ್ಜರ್‌ಗೆ ಹಾಕುವ ಕೆಲಸ ಇಲ್ಲ.

ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಬ್ಯಾಟರಿ ದೊಡ್ಡದು, ಬೆಲೆಯೂ ದೊಡ್ಡದು. ದಿನಾ ಚಾರ್ಜ್ ಮಾಡಿದರೆ ಮಾತ್ರ ಅದಕ್ಕೆ ಅರ್ಥ. ಯುರೋಪಿಯನ್ ಕಮಿಷನ್ 2024ರಲ್ಲಿ ಹೊರತಂದ ವರದಿಯ ಪ್ರಕಾರ, ರಸ್ತೆಯಲ್ಲಿ ಓಡುವ ಪ್ಲಗ್-ಇನ್ ಕಾರುಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಲ್ಯಾಬ್ ಪರೀಕ್ಷೆಯ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಇತ್ತು. ಕಾರಣ ಸರಳ: ಜನ ಅಂದುಕೊಂಡಷ್ಟು ಚಾರ್ಜ್ ಮಾಡುವುದಿಲ್ಲ. ಮನೆಯಲ್ಲಿ ಅಥವಾ ಆಫೀಸಿನಲ್ಲಿ ಪ್ಲಗ್ ಸಿಗದಿದ್ದರೆ ಎಷ್ಟೇ ಡಿಸ್ಕೌಂಟ್ ಕೊಟ್ಟರೂ ಇದು ನಿಮಗೆ ಲಾಭದ ಗಾಡಿ ಅಲ್ಲ.

ಸೇಲ್ಸ್‌ನವರನ್ನು ಒಂದೇ ಪ್ರಶ್ನೆ ಕೇಳಿ: "ಈ ಕಾರು ಎಂಜಿನ್ ಆಫ್ ಇದ್ದಾಗ ಬರೀ ಮೋಟರ್ ಮೇಲೆ ಮುಂದೆ ಹೋಗುತ್ತಾ?" ಟೆಸ್ಟ್ ಡ್ರೈವ್‌ನಲ್ಲಿ ನಿಧಾನ ಓಡಿಸಿ ಅದನ್ನು ನೀವೇ ಪರೀಕ್ಷಿಸಿ. ಮೈಲ್ಡ್ ಹೈಬ್ರಿಡ್‌ಗೆ ಸ್ಟ್ರಾಂಗ್ ಹೈಬ್ರಿಡ್‌ನ ಬೆಲೆ ಕೇಳುತ್ತಿದ್ದರೆ ಚೌಕಾಸಿಯ ಮೊದಲ ಅಸ್ತ್ರ ಅಲ್ಲೇ ಸಿಕ್ಕಿತು.

ಎಷ್ಟು ಜಾಸ್ತಿ ಕೊಡಬಹುದು? ಲೀಟರ್‌ನಲ್ಲಿ ಲೆಕ್ಕ ಹಾಕಿ

ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ ಹೈಬ್ರಿಡ್ ದುಬಾರಿ. ಆ ವ್ಯತ್ಯಾಸ ಸರಿಯೋ ಅತಿಯೋ ಅಂತ ತಿಳಿಯಲು ಜಾಹೀರಾತು ನೋಡಬೇಡಿ, ನಿಮ್ಮ ಓಡಾಟ ನೋಡಿ.

ಉದಾಹರಣೆಗೆ ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಹೈಬ್ರಿಡ್ 24 ಕಿಲೋಮೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ ಮೊದಲನೆಯದಕ್ಕೆ 1,000 ಲೀಟರ್ ಬೇಕು, ಎರಡನೆಯದಕ್ಕೆ 625 ಲೀಟರ್. ಉಳಿಯುವುದು 375 ಲೀಟರ್. ಎಂಟು ವರ್ಷ ಇಟ್ಟುಕೊಂಡರೆ 3,000 ಲೀಟರ್. ನಿಮ್ಮ ಊರಿನ ಪೆಟ್ರೋಲ್ ದರದಿಂದ ಗುಣಿಸಿ. ಬಂದ ಮೊತ್ತಕ್ಕಿಂತ ಹೈಬ್ರಿಡ್‌ಗೆ ಕೇಳುವ ಹೆಚ್ಚುವರಿ ಬೆಲೆ ಜಾಸ್ತಿಯಿದ್ದರೆ, ಹಣದ ಲೆಕ್ಕದಲ್ಲಿ ಅದು ನಷ್ಟ. ವರ್ಷಕ್ಕೆ ಬರೀ 6,000 ಕಿಲೋಮೀಟರ್ ಓಡಿಸುವವರಿಗೆ ಅದೇ ಎಂಟು ವರ್ಷದಲ್ಲಿ ಉಳಿಯುವುದು 1,200 ಲೀಟರ್ ಮಾತ್ರ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಮೈಲೇಜ್ 10ರಿಂದ 15ಕ್ಕೆ ಏರಿದರೆ 15,000 ಕಿಲೋಮೀಟರಿಗೆ 500 ಲೀಟರ್ ಉಳಿಯುತ್ತದೆ. 20ರಿಂದ 25ಕ್ಕೆ ಏರಿದರೆ ಉಳಿಯುವುದು 150 ಲೀಟರ್ ಅಷ್ಟೇ. ಎರಡರಲ್ಲೂ ಏರಿದ್ದು ಐದೇ ಕಿಲೋಮೀಟರ್, ಉಳಿತಾಯ ಮಾತ್ರ ಅಜಗಜಾಂತರ. ಹಾಗಾಗಿ ದೊಡ್ಡ, ಭಾರದ ಕಾರಿಗೆ ಹೈಬ್ರಿಡ್ ಆಯ್ಕೆ ಜಾಸ್ತಿ ಬೆಲೆ ಬಾಳುತ್ತದೆ. ಮೊದಲೇ ಒಳ್ಳೆ ಮೈಲೇಜ್ ಕೊಡುವ ಚಿಕ್ಕ ಕಾರಿಗೆ ಅಷ್ಟು ಬಾಳುವುದಿಲ್ಲ.

ಓಡಾಟ ಎಲ್ಲಿ ಅನ್ನೋದೂ ಮುಖ್ಯ. ನಿಲ್ಲು, ಹೊರಡು, ನಿಲ್ಲು ಅನ್ನುವ ನಗರದ ಟ್ರಾಫಿಕ್‌ನಲ್ಲಿ ಹೈಬ್ರಿಡ್ ತನ್ನ ಬೆಲೆ ದುಡಿಯುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವವರಿಗೆ ಬ್ರೇಕ್‌ನಿಂದ ವಾಪಸ್ ಬರುವ ಶಕ್ತಿ ಕಡಿಮೆ, ಲಾಭವೂ ಕಡಿಮೆ.

ಈ ಲೆಕ್ಕದಿಂದ ಒಂದು ಗರಿಷ್ಠ ಮೊತ್ತ ಹೊರಬರುತ್ತದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಶೋರೂಮ್‌ನಲ್ಲಿ ಕೂತು ಅದನ್ನು ಏರಿಸಬೇಡಿ.

ಬಿಲ್ಲನ್ನು ಬಿಡಿಸಿ ನೋಡಿ

ಯಾವ ದೇಶವಾದರೂ ಹೊಸ ಕಾರಿನ ಬಿಲ್ಲಿನಲ್ಲಿ ಮೂರು ಬಗೆಯ ಸಾಲುಗಳಿರುತ್ತವೆ. ಒಂದು, ಸರ್ಕಾರಕ್ಕೆ ಹೋಗುವುದು: ತೆರಿಗೆ, ನೋಂದಣಿ ಶುಲ್ಕ. ಇದರಲ್ಲಿ ಡೀಲರ್ ಏನೂ ಬಿಡಲಾರ. ಎರಡು, ಕಾರಿನ ಬೆಲೆ ಮತ್ತು ಕಂಪನಿ ಕೊಡುವ ರಿಯಾಯಿತಿ. ಮೂರು, ಡೀಲರ್ ತಾನೇ ಸೇರಿಸಿದ್ದು: ಹ್ಯಾಂಡ್ಲಿಂಗ್ ಚಾರ್ಜ್, ಡಾಕ್ಯುಮೆಂಟ್ ಚಾರ್ಜ್, ಪೇಂಟ್ ಕೋಟಿಂಗ್, ಮ್ಯಾಟ್, ಆಕ್ಸೆಸರಿ ಪ್ಯಾಕ್. ಪ್ರತಿ ಸಾಲಿನ ಮುಂದೆ ಬೆರಳಿಟ್ಟು "ಇದು ಯಾರಿಗೆ ಹೋಗುತ್ತೆ? ಇದಕ್ಕೆ ಸರ್ಕಾರಿ ರಸೀದಿ ಬರುತ್ತಾ?" ಅಂತ ಕೇಳಿ. ರಸೀದಿ ಬರುವುದಿಲ್ಲ ಅಂದರೆ ಅದು ಮೂರನೇ ಬಗೆ. ಪೂರ್ತಿ ತೆಗೆಸಬಹುದು, ಇಲ್ಲ ಅರ್ಧಕ್ಕಾದರೂ ಇಳಿಸಬಹುದು.

ಹೈಬ್ರಿಡ್‌ಗೆ ಸರ್ಕಾರದ ರಿಯಾಯಿತಿ ಇದೆಯೇ ಅಂತ ಡೀಲರ್ ಬಾಯಿಂದ ಕೇಳಬೇಡಿ. ಸಾರಿಗೆ ಅಥವಾ ತೆರಿಗೆ ಇಲಾಖೆಯ ಅಧಿಕೃತ ಪುಟದಲ್ಲೇ ನೋಡಿ. ಇಂಥ ರಿಯಾಯಿತಿಗಳಿಗೆ ಕೊನೆಯ ದಿನ ಇರುತ್ತದೆ. ಅಮೆರಿಕದಲ್ಲಿ ಪ್ಲಗ್-ಇನ್ ಹೈಬ್ರಿಡ್‌ಗಳಿಗಿದ್ದ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮೈಲ್ಡ್, ಸ್ಟ್ರಾಂಗ್, ಪ್ಲಗ್-ಇನ್ ಮೂರಕ್ಕೂ ನಿಯಮ ಬೇರೆ ಬೇರೆ ಇರುವುದೂ ಸಾಮಾನ್ಯ. ಇನ್ನೊಂದು ಮಾತು. ಸರ್ಕಾರದ ರಿಯಾಯಿತಿಯನ್ನೇ ತೋರಿಸಿ "ನೋಡಿ, ಇಷ್ಟು ಬಿಟ್ಟಿದ್ದೇವೆ" ಅಂದರೆ ಒಪ್ಪಬೇಡಿ. ಅದು ನಿಮ್ಮ ಹಕ್ಕಿನ ಹಣ, ಡೀಲರ್ ಕೊಟ್ಟ ಡಿಸ್ಕೌಂಟ್ ಅಲ್ಲ.

ಸಾಲ ಬೇಕಿದ್ದರೆ ಮೊದಲೇ ಮಂಜೂರು ಮಾಡಿಸಿಕೊಳ್ಳಿ

"ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಈ ಪ್ರಶ್ನೆ ತುಂಬಾ ಕಾಳಜಿಯಿಂದ ಕೇಳಿದ ಹಾಗೆ ಕೇಳಿಸುತ್ತದೆ. ಆದರೆ ಇದಕ್ಕೆ ಉತ್ತರ ಕೊಟ್ಟ ಕ್ಷಣ ಚೌಕಾಸಿ ಮುಗಿದ ಹಾಗೆ. ಅವಧಿ ಎಳೆದರೆ ಯಾವ ಬೆಲೆಯನ್ನಾದರೂ ನಿಮ್ಮ ಕಂತಿನೊಳಗೆ ಕೂರಿಸಬಹುದು.

ಶೇಕಡಾ 9 ಬಡ್ಡಿಗೆ ತೆಗೆದ ಸಾಲ ನೋಡಿ. ಪ್ರತಿ 1,000ಕ್ಕೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 20.76. ಏಳು ವರ್ಷಕ್ಕೆ ಎಳೆದರೆ ಸುಮಾರು 16.09. ಕಂತು ಇಳಿಯಿತು, ನಿಜ. ಆದರೆ ಒಟ್ಟು ಬಡ್ಡಿ 245ರಿಂದ 351ಕ್ಕೆ ಏರಿತು. ಶೋರೂಮ್‌ನಲ್ಲಿ ಒಂದು ಗಂಟೆ ವಾದ ಮಾಡಿ ಗಿಟ್ಟಿಸಿದ ಡಿಸ್ಕೌಂಟ್ ಇಲ್ಲಿ ಸದ್ದಿಲ್ಲದೆ ಕರಗಿಹೋಗುತ್ತದೆ.

ಅದಕ್ಕೇ ಬ್ಯಾಂಕಿನಿಂದ ಸಾಲ ಮೊದಲೇ ಮಂಜೂರು ಮಾಡಿಸಿಟ್ಟುಕೊಳ್ಳಿ. ಬೆಲೆ ಕುದುರಿದ ಮೇಲೆ ಡೀಲರ್ ಹೇಳುವ ಬಡ್ಡಿಯನ್ನೂ ಕೇಳಿ. ಅದು ಕಡಿಮೆಯಿದ್ದರೆ ಅದನ್ನೇ ತೆಗೆದುಕೊಳ್ಳಿ, ಅದರಲ್ಲೇನೂ ತಪ್ಪಿಲ್ಲ. ಪ್ರೊಸೆಸಿಂಗ್ ಶುಲ್ಕ ಮತ್ತು ಅವಧಿಗೆ ಮುಂಚೆ ತೀರಿಸಿದರೆ ಬೀಳುವ ದಂಡವನ್ನೂ ಸೇರಿಸಿಯೇ ಹೋಲಿಸಿ. ಬೆಲೆ ನಿಗದಿಯಾಗುವ ತನಕ ಕಂತಿನ ಮಾತೇ ಬೇಡ.

ಯಾವಾಗ ಹೋಗಬೇಕು?

ಡೀಲರ್‌ಗಳಿಗೆ ತಿಂಗಳಿನ, ಮೂರು ತಿಂಗಳಿನ ಗುರಿ ಇರುತ್ತದೆ. ಗುರಿಗೆ ಒಂದೆರಡು ಗಾಡಿ ಕಮ್ಮಿ ಇದ್ದಾಗ ಮಾತು ಮೆತ್ತಗಾಗುತ್ತದೆ. ಹಾಗಾಗಿ ತಿಂಗಳ ಕೊನೆಯ ವಾರ, ವಾರದ ನಡುವಿನ ದಿನ, ಅಂಗಡಿ ಖಾಲಿ ಇರುವ ಹೊತ್ತು ಒಳ್ಳೆಯದು. ಹೊಸ ಮಾದರಿ ಬರುವ ಮುಂಚೆ ಹಳೆ ಸ್ಟಾಕ್ ಖಾಲಿ ಮಾಡುವಾಗಲೂ ಒಳ್ಳೆ ಬೆಲೆ ಸಿಗುತ್ತದೆ.

ಹೈಬ್ರಿಡ್‌ಗೆ ಇನ್ನೊಂದು ಋತು ಇದೆ: ಪೆಟ್ರೋಲ್ ಬೆಲೆ. 2008ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಅಮೆರಿಕದಲ್ಲಿ ಪ್ರಿಯಸ್‌ಗೆ ಜನ ಸಾಲುಗಟ್ಟಿ ಕಾದರು. ಅದೇ ವರ್ಷದ ಕೊನೆಗೆ ಪೆಟ್ರೋಲ್ ಬೆಲೆ ಕುಸಿದಾಗ ಬೇಡಿಕೆಯೂ ಇಳಿಯಿತು. ಎಲ್ಲರೂ ಮುಗಿಬಿದ್ದಾಗ ನೀವು ಸುಮ್ನೆ ಇರಿ. ಪೆಟ್ರೋಲ್ ಸುದ್ದಿ ತಣ್ಣಗಾದ ಮೇಲೆ ಹೋಗಿ.

ಕೊಟೇಶನ್ ಬರಹದಲ್ಲೇ ತರಿಸಿ

ಇಡೀ ಕೆಲಸದಲ್ಲಿ ಹೆಚ್ಚು ಹಣ ಉಳಿಸುವ ಹೆಜ್ಜೆ ಇದು. ಶೋರೂಮ್‌ಗೆ ಹೋಗಿ ಕೂರುವ ಮುಂಚೆ ಮನೆಯಿಂದಲೇ ನಾಲ್ಕೈದು ಡೀಲರ್‌ಗಳಿಗೆ ಒಂದೇ ಸಂದೇಶ ಕಳಿಸಿ. ಸ್ವಲ್ಪ ದೂರದ ಊರಿನ ಡೀಲರ್‌ಗಳೂ ಇರಲಿ. ಸಂದೇಶ ಹೀಗಿರಬಹುದು:

"ನಮಸ್ಕಾರ. ನನಗೆ ಈ ಮಾದರಿಯ, ಈ ವೇರಿಯಂಟ್‌ನ ಹೈಬ್ರಿಡ್ ಕಾರು ಬೇಕು. ಬಣ್ಣ ಬಿಳಿ ಅಥವಾ ಬೂದು. ಈ ತಿಂಗಳೊಳಗೆ ಕೊಳ್ಳುತ್ತೇನೆ. ತೆರಿಗೆ, ನೋಂದಣಿ, ವಿಮೆ, ನಿಮ್ಮ ಎಲ್ಲ ಚಾರ್ಜ್ ಸೇರಿಸಿ ಒಟ್ಟು ಎಷ್ಟು ಅಂತ ಸಾಲು ಸಾಲಾಗಿ ಬರೆದು ಕಳಿಸಿ. ಕಾರು ಈಗ ಸ್ಟಾಕ್‌ನಲ್ಲಿದೆಯೇ, ಯಾವ ತಿಂಗಳು ತಯಾರಾದದ್ದು ಅಂತಲೂ ತಿಳಿಸಿ. ಇನ್ನೂ ಕೆಲವರನ್ನು ಕೇಳಿದ್ದೇನೆ. ಒಟ್ಟು ಮೊತ್ತ ಯಾರದು ಕಡಿಮೆಯೋ ಅವರಲ್ಲೇ ಬುಕ್ ಮಾಡುತ್ತೇನೆ."

ಈ ಸಂದೇಶದಲ್ಲಿ ನಿಮ್ಮ ಬಜೆಟ್ ಇಲ್ಲ, ಕಂತಿನ ಮಾತಿಲ್ಲ, ಹಳೆ ಕಾರಿನ ಸುದ್ದಿ ಇಲ್ಲ. ಆದರೆ ನೀವು ಸುಮ್ನೆ ವಿಚಾರಿಸುತ್ತಿಲ್ಲ, ಕೊಳ್ಳುವ ಗಿರಾಕಿ ಅಂತ ಅವರಿಗೆ ಗೊತ್ತಾಗುತ್ತದೆ. ಬಣ್ಣ ಒಂದೇ ಅಂತ ಹಟ ಹಿಡಿಯದಿರುವುದೂ ಲಾಭ. ಸ್ಟಾಕ್‌ನಲ್ಲಿ ಕೂತಿರುವ ಕಾರನ್ನು ಕಳಿಸಿಬಿಡಲು ಡೀಲರ್‌ಗೂ ಆತುರ ಇರುತ್ತದೆ, ಯಾಕೆಂದರೆ ಸಾಮಾನ್ಯವಾಗಿ ಅದರ ಮೇಲೆ ಅವನೂ ಬಡ್ಡಿ ಕಟ್ಟುತ್ತಿರುತ್ತಾನೆ.

ಕೆಲವರು "ಬನ್ನಿ ಸರ್, ಕೂತು ಮಾತಾಡೋಣ" ಅಂತಷ್ಟೇ ಬರೆಯುತ್ತಾರೆ. "ಮೊತ್ತ ಬರೆದು ಕಳಿಸಿ, ಆಮೇಲೆ ಖಂಡಿತ ಬರ್ತೀನಿ" ಅಂತ ಉತ್ತರಿಸಿ. ಆಗಲೂ ಕಳಿಸದವರನ್ನು ಪಟ್ಟಿಯಿಂದ ತೆಗೆಯಿರಿ. ಬಂದ ಕೊಟೇಶನ್‌ಗಳಲ್ಲಿ ಕಡಿಮೆ ಇರುವುದನ್ನು ಎರಡನೆಯವರಿಗೆ ತೋರಿಸಿ, "ಇದಕ್ಕಿಂತ ಇಳಿಸಲು ಆಗುತ್ತಾ?" ಅಂತ ಒಂದು ಸಲ ಕೇಳಿ. ಒಂದು ಸುತ್ತು ಸಾಕು. ಇಲ್ಲದ ಕೊಟೇಶನ್ ಇದೆ ಅಂತ ಸುಳ್ಳು ಹೇಳಬೇಡಿ. ಅದು ಸರಿಯೂ ಅಲ್ಲ, "ತೋರಿಸಿ" ಅಂದರೆ ನಿಮ್ಮ ಮಾತಿಗೆ ಬೆಲೆಯೂ ಉಳಿಯುವುದಿಲ್ಲ.

ಕೆಲವು ಮಾದರಿಗಳು ಈಗ ಹೈಬ್ರಿಡ್ ಆಗಿ ಮಾತ್ರ ಬರುತ್ತವೆ. ಅಮೆರಿಕದ 2025ರ ಟೊಯೋಟಾ ಕ್ಯಾಮ್ರಿ ಹಾಗೆ. ಅಂಥ ಕಡೆ ಅದೇ ಕಾರಿನ ಪೆಟ್ರೋಲ್ ಬೆಲೆ ಜೊತೆ ಹೋಲಿಸಲು ಬರುವುದಿಲ್ಲ. ಬೇರೆ ಕಂಪನಿಯ ಅದೇ ಅಳತೆಯ ಹೈಬ್ರಿಡ್‌ನ ಕೊಟೇಶನ್ ತರಿಸಿ ಇಟ್ಟುಕೊಳ್ಳಿ.

ಎದುರು ಕೂತಾಗ

ಈಗ ಶೋರೂಮ್‌ಗೆ ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು, ಆದರೆ ಕಾರನ್ನು ನೋಡಿದ ಕೂಡಲೇ ಹಿಗ್ಗುವವರು ಬೇಡ. ಮಾತು ಹೆಚ್ಚು ಕಮ್ಮಿ ಹೀಗೆ ಸಾಗುತ್ತದೆ:

"ಸರ್, ಈ ರೇಟ್‌ಗೆ ನಮಗೆ ಗಿಟ್ಟಲ್ಲ. ಬೇಕಾದ್ರೆ ಸೀಟ್ ಕವರ್ ಫ್ರೀ ಹಾಕಿಕೊಡ್ತೀವಿ."

"ಸೀಟ್ ಕವರ್ ಬೇಡ. ಅದರ ಬೆಲೆಯನ್ನು ಒಟ್ಟು ಮೊತ್ತದಲ್ಲಿ ಕಳೆಯಿರಿ."

"ಹಾಗೆ ಮಾಡೋಕೆ ಬರಲ್ಲ. ಮ್ಯಾನೇಜರ್‌ನ ಕೇಳಬೇಕು."

"ಕೇಳಿಕೊಂಡು ಬನ್ನಿ, ಕಾಯ್ತೀನಿ. ಈ ಮೊತ್ತಕ್ಕೆ ಆಗುತ್ತೆ ಅಂದ್ರೆ ಇವತ್ತೇ ಬುಕ್ ಮಾಡ್ತೀನಿ."

ಇಷ್ಟು ಹೇಳಿ ಸುಮ್ಮನಾಗಿ. ಮೌನ ಕಷ್ಟ ಅನ್ನಿಸುತ್ತದೆ, ನಾವೇ ಮಾತು ಮುಂದುವರಿಸಿ ಒಂದು ಮೆಟ್ಟಿಲು ಇಳಿದುಬಿಡುತ್ತೇವೆ. ಹಾಗೆ ಮಾಡಬೇಡಿ. ಉಚಿತ ಉಡುಗೊರೆಗಿಂತ ನಗದು ಕಡಿತ ಯಾವಾಗಲೂ ಮೇಲು, ಯಾಕೆಂದರೆ ಉಡುಗೊರೆಯ ಬೆಲೆಯನ್ನು ಬರೆಯುವವರು ಅವರು. "ಈ ಆಫರ್ ಇವತ್ತಿಗೆ ಮಾತ್ರ" ಅಂದರೆ ಗಾಬರಿ ಬೇಡ. ಒಪ್ಪಿಗೆಯಾಗದಿದ್ದರೆ ಎದ್ದು ನಿಂತು, ಫೋನ್ ನಂಬರ್ ಕೊಟ್ಟು, ನಗುತ್ತಲೇ ಹೊರಡಿ. ಜಗಳ ಬೇಡ. ಮುಂದೆ ಸರ್ವಿಸ್‌ಗೆ ಅಲ್ಲಿಗೇ ಹೋಗಬೇಕಾಗಬಹುದು, ಅಲ್ವಾ?

ನಿಜವಾಗಿಯೂ ವೇಯ್ಟಿಂಗ್ ಇದ್ದರೆ

ಆಗ ಕಾರಿನ ಬೆಲೆ ಇಳಿಯುವುದು ಕಷ್ಟ. ಆದರೆ ಮಾತಾಡಲು ಬೇರೆ ವಿಷಯಗಳಿವೆ. ಬುಕಿಂಗ್ ಹಣ ಪೂರ್ತಿ ವಾಪಸ್ ಬರುತ್ತದೆ ಅಂತ ಬರೆಸಿಕೊಳ್ಳಿ. ಕಾಯುವ ಹೊತ್ತಿನಲ್ಲಿ ಬೆಲೆ ಏರಿದರೆ ಹಳೆ ಬೆಲೆಯೋ ಹೊಸ ಬೆಲೆಯೋ, ಅದೂ ಬರಹದಲ್ಲಿರಲಿ. ಬೇಗ ಕೊಡುತ್ತೇವೆ ಅಂತ ಪಟ್ಟಿ ಬೆಲೆಯ ಮೇಲೆ ಹಣ ಕೇಳಿದರೆ ಕೊಡಬೇಡಿ, ಬೇರೆ ಊರಿನ ಡೀಲರ್‌ಗೆ ಫೋನ್ ಮಾಡಿ. ಬುಕ್ ಮಾಡಿ ರದ್ದು ಮಾಡಿದವರ ಕಾರು ಆಗಾಗ ಸಿಗುತ್ತದೆ. "ಕ್ಯಾನ್ಸಲ್ ಆದ ಗಾಡಿ ಬಂದ್ರೆ ತಿಳಿಸಿ, ಬಣ್ಣ ಯಾವುದಾದ್ರೂ ಪರವಾಗಿಲ್ಲ" ಅಂತ ಹೇಳಿಡಿ.

ಬೆಲೆ ಬಿಡದ ಡೀಲರ್ ಬೇರೆ ರೂಪದಲ್ಲಿ ಕೊಡಬಲ್ಲ. ಜಾಗ ಉಳಿಸಲು ಕೆಲವು ಹೈಬ್ರಿಡ್‌ಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಸ್ಟೆಪ್ನಿ ಕೇಳಿ. ಒಂದೆರಡು ಸರ್ವಿಸ್ ಉಚಿತ ಕೇಳಿ. ಇವು ನಿಮಗೆ ಹೇಗಿದ್ದರೂ ಬೇಕಾಗುವ ವಸ್ತುಗಳು.

ಹಳೆ ಕಾರು ಬೇರೆ, ಹೊಸ ಕಾರು ಬೇರೆ

ಹೊಸ ಕಾರಿನ ಒಟ್ಟು ಬೆಲೆ ಬರಹಕ್ಕೆ ಬಂದ ಮೇಲಷ್ಟೇ ಎಕ್ಸ್‌ಚೇಂಜ್ ಮಾತೆತ್ತಿ. ಮೊದಲೇ ಹೇಳಿದರೆ ಬಲಗೈಯಲ್ಲಿ ಕೊಟ್ಟಿದ್ದನ್ನು ಎಡಗೈಯಲ್ಲಿ ಕಿತ್ತುಕೊಳ್ಳುತ್ತಾರೆ: ಹಳೆ ಕಾರಿಗೆ ಜಾಸ್ತಿ ಹೇಳಿ, ಹೊಸದರ ಡಿಸ್ಕೌಂಟ್ ಮಾಯ. ಹೊರಗಡೆ ಎರಡು ಮೂರು ಕಡೆ ಹಳೆ ಕಾರಿಗೆ ಬೆಲೆ ಕಟ್ಟಿಸಿಕೊಂಡು ಹೋಗಿ.

ಕೊನೆಯ ಟೇಬಲ್

ಬೆಲೆ ಒಪ್ಪಿಗೆಯಾಯಿತು, ಮನಸ್ಸು ಹಗುರಾಯಿತು. ಆಗಲೇ ಇನ್ನೊಂದು ಟೇಬಲ್‌ಗೆ ಕರೆದು ಕೂರಿಸುತ್ತಾರೆ. ಹೆಚ್ಚುವರಿ ವಾರಂಟಿ, ಬಣ್ಣದ ಕೋಟಿಂಗ್, ತುಕ್ಕು ತಡೆ, ವಿಮೆ. ದಣಿದ ಹೊತ್ತಿನಲ್ಲಿ ಎಲ್ಲದಕ್ಕೂ "ಆಯ್ತು" ಅನ್ನುವವರೇ ಹೆಚ್ಚು. ಡೀಲರ್‌ಗೆ ಒಳ್ಳೆ ಲಾಭ ಬರುವುದು ಇಲ್ಲೇ.

ಬ್ಯಾಟರಿ ಹೆಸರಲ್ಲಿ ಹೆದರಿಸುವುದು ಹೈಬ್ರಿಡ್‌ನವರಿಗೆ ಮೀಸಲಾದ ಮಾರಾಟ. "ಬ್ಯಾಟರಿ ಹೋದ್ರೆ ಲಕ್ಷಗಟ್ಟಲೆ ಆಗುತ್ತೆ, ಈ ವಾರಂಟಿ ತಗೊಳ್ಳಿ" ಅನ್ನುತ್ತಾರೆ. ಮೊದಲು ಕಂಪನಿಯ ವಾರಂಟಿ ಪುಸ್ತಕ ತೆಗೆಸಿ ಓದಿ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಹಲವು ಕಂಪನಿಗಳಲ್ಲಿದೆ. ಅಮೆರಿಕದಲ್ಲಿ ಟೊಯೋಟಾ 2020ರ ಮಾದರಿಗಳಿಂದ ಅದನ್ನು ಹತ್ತು ವರ್ಷ ಅಥವಾ 1,50,000 ಮೈಲಿಗೆ ಏರಿಸಿದೆ. ಮೊದಲೇ ಇರುವ ರಕ್ಷಣೆಗೆ ಮತ್ತೆ ದುಡ್ಡು ಕೊಡುವುದು ಯಾಕೆ?

ಪುಸ್ತಕದಲ್ಲಿ ಮೂರು ವಿಷಯ ಹುಡುಕಿ. ವಾರಂಟಿ ಬ್ಯಾಟರಿಗೆ ಮಾತ್ರವೋ, ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಹೊಂದಿಸಿ ಕೊಡುವ ಭಾಗ) ಮತ್ತು ಮೋಟರ್‌ಗೂ ಇದೆಯೋ? ವರ್ಷಕ್ಕೊಮ್ಮೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ತಪಾಸಣೆ ಮಾಡಿಸಬೇಕೆಂಬ ಷರತ್ತಿದೆಯೋ? ಹೊರಗಿನ ಎಲೆಕ್ಟ್ರಿಕ್ ಫಿಟ್ಟಿಂಗ್ ಹಾಕಿಸಿದರೆ ವಾರಂಟಿ ಹೋಗುತ್ತದೆಯೋ? ಡೀಲರ್ ತಾನೇ ವೈರ್ ಕತ್ತರಿಸಿ ಹಾಕುವ ಲೈಟ್, ಹಾರ್ನ್ ಇವುಗಳ ಬಗ್ಗೆ ಇದೇ ಕಾರಣಕ್ಕೆ ಹುಷಾರಾಗಿರಿ.

ವಿಮೆಗೆ ಹೊರಗಿನಿಂದ ಕೊಟೇಶನ್ ತನ್ನಿ. ವ್ಯತ್ಯಾಸ ತೋರಿಸಿದರೆ ಅವರೇ ಇಳಿಸುವುದುಂಟು.

ಸಹಿಗೆ ಮುಂಚೆ, ಡೆಲಿವರಿಗೆ ಮುಂಚೆ

ಅಂತಿಮ ಬಿಲ್ಲನ್ನು ಮೊದಲು ಬಂದ ಕೊಟೇಶನ್ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿ. ಹೊಸ ಸಾಲು ಹುಟ್ಟಿಕೊಂಡಿದ್ದರೆ ಹೊಡೆದುಹಾಕಿಸಿ. ಬಾಯಿಮಾತಿನಲ್ಲಿ ಒಪ್ಪಿದ ಸ್ಟೆಪ್ನಿ, ಸರ್ವಿಸ್ ಎಲ್ಲ ಬಿಲ್ಲಿನಲ್ಲೇ ಬರಲಿ. ಪೂರ್ತಿ ಹಣ ಕೊಡುವ ಮುಂಚೆ, ನಿಮಗೆ ಕೊಡುವ ಅದೇ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಚಾಸಿಸ್ ನಂಬರ್ ಬಿಲ್ಲಿನೊಂದಿಗೆ ತಾಳೆಯಾಗಬೇಕು.

ಟೈರ್ ಪಕ್ಕ ಬಗ್ಗಿ ಕೂತು, ಅದರ ಮೇಲೆ DOT (ಡಾಟ್) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2324 ಅಂತಿದ್ದರೆ ಆ ಟೈರ್ ತಯಾರಾಗಿದ್ದು 2024ರ 23ನೇ ವಾರ. ನಾಲ್ಕೂ ಟೈರ್ ನೋಡಿ. ಒಂದು ಟೈರ್‌ನ ಹೊರಬದಿಯಲ್ಲಿ ಈ ಕೊನೆಯ ನಾಲ್ಕು ಅಂಕಿ ಕಾಣದಿದ್ದರೆ ಒಳಬದಿಯಲ್ಲಿ ಪೂರ್ತಿ ಸಂಖ್ಯೆ ಇರುತ್ತದೆ. ಟೈರ್‌ಗಳು ತುಂಬಾ ಹಳತಾಗಿದ್ದರೆ ಕಾರು ಯಾರ್ಡ್‌ನಲ್ಲಿ ಬಹಳ ದಿನ ನಿಂತಿರಬಹುದು. ಕಾರಿನ ಮೇಲೆ ತಯಾರಿಕೆಯ ತಿಂಗಳು ಬರೆದ ಫಲಕವನ್ನೂ ಕಾಗದಪತ್ರವನ್ನೂ ತೋರಿಸಲು ಕೇಳಿ.

ಹೀಗೆ ನಿಂತ ಹೈಬ್ರಿಡ್‌ನಲ್ಲಿ ಮೊದಲು ಸೋಲುವುದು ದೊಡ್ಡ ಬ್ಯಾಟರಿಗಿಂತ ಹೆಚ್ಚಾಗಿ ಚಿಕ್ಕ 12 ವೋಲ್ಟ್ ಬ್ಯಾಟರಿ. ಅದು ಖಾಲಿಯಾದರೆ ಕಾರಿನ ಕಂಪ್ಯೂಟರ್‌ಗಳು ಏಳುವುದಿಲ್ಲ, ಕಾರು ರೆಡಿ ಆಗುವುದೇ ಇಲ್ಲ. ಅದನ್ನು ನಿಮ್ಮೆದುರೇ ಟೆಸ್ಟರ್ ಹಾಕಿ ತೋರಿಸಲು ಹೇಳಿ. ದುರ್ಬಲವಾಗಿದ್ದರೆ ಹೊಸದು ಹಾಕಿಸಿ. ಕಾರು ತುಂಬಾ ತಿಂಗಳು ಹಳೆಯದಾಗಿದ್ದರೆ, ಅದು ಮತ್ತೆ ಬೆಲೆ ಮಾತಾಡಲು ನ್ಯಾಯವಾದ ಕಾರಣ.

ಎಲ್ಲ ಸರಿಯಿದ್ದರೆ ಹಣ ಕೊಟ್ಟು, ಬಿಲ್ಲು, ವಿಮೆ ಪತ್ರ, ಡೀಲರ್ ಮುದ್ರೆ ಹಾಕಿದ ವಾರಂಟಿ ಪುಸ್ತಕ, ಎರಡೂ ಕೀಗಳನ್ನು ಪಡೆದುಕೊಳ್ಳಿ. ಕೆಲವು ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿ ತಂಪಾಗಿಸುವ ಗಾಳಿ ಕಿಂಡಿ ಇರುತ್ತದೆ, ಅದಕ್ಕೆ ಫಿಲ್ಟರ್ ಕೂಡ. ಅದು ಎಲ್ಲಿದೆ, ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು ಅಂತ ಡೆಲಿವರಿ ಕೊಡುವವರಿಂದ ಅಲ್ಲೇ ತೋರಿಸಿಕೊಳ್ಳಿ. ಬ್ಯಾಗು, ಬಟ್ಟೆ ಇಟ್ಟು ಆ ಕಿಂಡಿ ಮುಚ್ಚಬಾರದು ಅಂತ ಮನೆಯವರಿಗೂ ಹೇಳಿ.